ಹಳದಿ ಓಣಿಯ ದಾನಮ್ಮ

ಮೂಡಲಪಾಳ್ಯದ ಆ ಮನೆಯ ಮಹಡಿಗೆ ನಾವು ಬಾಡಿಗೆಗೆ ಹೋದದ್ದು 2003ರ ಜನವರಿಯಲ್ಲಿ. ನನಗಾಗ ನಾಲ್ಕು ತಿಂಗಳು, ವಾಂತಿ ಇನ್ನೂ ನಿಂತಿರಲಿಲ್ಲ. ಮೊದಲ ಬೆಳಿಗ್ಗೆಯೇ ಐದೂವರೆಗೆ ಕೆಳಗಿನಿಂದ ಟಪಟಪ ಬಡಿಯುವ ಸದ್ದು ಶುರುವಾಯಿತು. ಒಂದು ಕೈಯದಲ್ಲ, ಐದಾರು ಜೊತೆ ಕೈಗಳದ್ದು. ನನ್ನ ಗಂಡ ಎದ್ದು ಕೂತು, ಕೆಳಗೇನು ಚಪ್ಪಲಿ ಫ್ಯಾಕ್ಟರಿಯೇ ಎಂದರು. ಸ್ವಲ್ಪ ಹೊತ್ತಿಗೆ ಜೋಳದ ಹಿಟ್ಟು ಬೇಯುವ ವಾಸನೆ ಮೆಟ್ಟಿಲು ಹತ್ತಿ ಬಂತು. ಎರಡು ತಿಂಗಳಿಂದ ಯಾವ ಅಡುಗೆಯ ವಾಸನೆಗೂ ಓಕರಿಸುತ್ತಿದ್ದವಳಿಗೆ ಅವತ್ತು ಹಸಿವಾಯಿತು. ಮುಖ ನೋಡುವ ಮೊದಲೇ ದಾನಮ್ಮ ನನಗೆ ಪರಿಚಯವಾದದ್ದು ಹಾಗೆ.

ಕೆಳಗಿನ ಎರಡು ಕೋಣೆ ಮತ್ತು ಹಿಂಬದಿಯ ಶೀಟಿನ ಶೆಡ್ಡು ಅವರದು. ರೋಣದ ಕಡೆಯ ಹಳ್ಳಿಯವರು. ಗಂಡ ಫಕೀರೇಶ ನಾಯಂಡಹಳ್ಳಿಯ ಗೋಡೌನಿಗೆ ಮೂಟೆ ಹೊರಲು ಬಂದವರು, ಬೆನ್ನು ಹಿಡಿದುಕೊಂಡ ಮೇಲೆ ಜ್ಞಾನಭಾರತಿಯ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದರು. ಅಲ್ಲೇ ಆಸುಪಾಸಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಗದಗ, ರಾಯಚೂರಿನ ಹುಡುಗರು ಅನ್ನ ತಿಂದು ತಿಂದು ಬಾಡಿಹೋಗಿರುವುದನ್ನು ಫಕೀರೇಶ ಮನೆಗೆ ಬಂದು ಹೇಳಿದರಂತೆ. ಮರುದಿನ ದಾನಮ್ಮ ಇಪ್ಪತ್ತು ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ ಗಂಡನ ಕೈಯಲ್ಲಿ ಕೊಟ್ಟು ಕಳಿಸಿದರು. ಇಪ್ಪತ್ತು ನಲವತ್ತಾಯಿತು, ಆಗ ತಾವೂ ಹೊತ್ತು ನಡೆದರು. ವಿಜಯನಗರದ ಒಂದು ಖಾನಾವಳಿಯವರು ಕೇಳಿದರು, ಆಮೇಲೆ ಇನ್ನೊಂದು. ನಾವು ಬರುವ ಹೊತ್ತಿಗೆ ಶೆಡ್ಡಿನಲ್ಲಿ ನಾಲ್ಕು ಒಲೆ, ಲಕ್ಷ್ಮವ್ವ, ಹಾಲವ್ವ ಸೇರಿ ಐದು ಜನ ಹೆಂಗಸರು, ಅವರ ನಡುವೆ ದಾನಮ್ಮ.

ಅವರು ಹೆಚ್ಚು ಮಾತಿನವರಲ್ಲ. ಹೊಸಬಳು ಕೆಲಸ ಕೇಳಿಕೊಂಡು ಬಂದರೆ ಊರು, ಗಂಡ ಯಾವುದನ್ನೂ ವಿಚಾರಿಸುತ್ತಿರಲಿಲ್ಲ. ಹಿಟ್ಟು ನಾದುವ ಪರಾತದ ಮುಂದೆ ಕೂರಿಸಿ, ತಾವು ಆ ಕಡೆ ಮುಖ ಮಾಡಿ ನಿಂತು ಬಡಿಯುವ ಸದ್ದು ಕೇಳುತ್ತಿದ್ದರು. ಸದ್ದು ಒಂದೇ ಸಮ ಇದ್ದರೆ ರೊಟ್ಟಿಯ ಅಂಚು ಒಡೆಯುವುದಿಲ್ಲವಂತೆ. ಮೊದಲ ಹಂಚಿನ ರೊಟ್ಟಿ ಮಾರುತ್ತಿರಲಿಲ್ಲ. ಅದು ಮೊದಲು ಬಾಗಿಲಿಗೆ ಬಂದವರಿಗೆ. ಹಾಲಿನವನಿಗೆ, ಪೇಪರಿನವನಿಗೆ, ಎಷ್ಟೋ ದಿನ ನನಗೆ.

ನಮ್ಮ ಬೀದಿ ಹೊರಗಿನಿಂದ ನೋಡಿದರೆ ಬರೀ ಮನೆಗಳ ಬೀದಿ. ಒಳಗೆ ಬೇರೆಯೇ ಇತ್ತು. ಎದುರು ಮನೆಯ ಬೈರಯ್ಯ ಮುಂದಿನ ಕೋಣೆಯಲ್ಲಿ ಲೇತ್ ಮೆಷಿನ್ ಇಟ್ಟುಕೊಂಡು ಪೀಣ್ಯದ ಕಾರ್ಖಾನೆಗಳಿಗೆ ಬುಷ್, ಪಿನ್ನು ತಿರುಗಿಸಿ ಕೊಡುತ್ತಿದ್ದರು. ಪಕ್ಕದಲ್ಲಿ ಬಾಗಿಲು ಕಿಟಕಿ ಮಾಡುವವರು, ಆಚೆಗೆ ಆರು ಹೊಲಿಗೆ ಮೆಷಿನ್ನಿನ ಒಂದು ಮನೆ. ಯಾರೂ ಬೋರ್ಡು ಹಾಕಿರಲಿಲ್ಲ. ಎಲ್ಲರ ಕರೆಂಟ್ ಮೀಟರೂ ಮನೆಯದು.

ಏಪ್ರಿಲಿನಲ್ಲಿ ನಮ್ಮ ಓನರ್ ವೆಂಕಟಲಕ್ಷ್ಮಮ್ಮ ಮನೆಮನೆಗೂ ಬಂದು ಎಚ್ಚರಿಕೆ ಹೇಳಿ ಹೋದರು. ಅವರು ಹಳೆಯ ಮೂಡಲಪಾಳ್ಯದ ಒಕ್ಕಲು ಮನೆತನದವರು. ಈ ಬೀದಿ ಅವರ ತಂದೆಯ ಹೊಲವಾಗಿತ್ತು. ಊರು ಹೇಗೆ ಬೆಳೆಯಬೇಕು ಎಂದು ಸರ್ಕಾರದವರು ಹೊಸ ನಕ್ಷೆ ಮಾಡುತ್ತಿದ್ದಾರಂತೆ, ಅದಕ್ಕೆ ಯಾವ ಸೈಟಿನಲ್ಲಿ ಏನಿದೆ ಎಂದು ಬರೆದುಕೊಳ್ಳಲು ಹುಡುಗ ಹುಡುಗಿಯರನ್ನು ಬಿಟ್ಟಿದ್ದಾರಂತೆ.

“ಯಾರ್ ಬಂದ್ ಕೇಳಿದ್ರೂ ಮನೆ ಅನ್ನಿ, ಅಷ್ಟೇ. ಇನ್ನೊಂದ್ ಮಾತಾಡಬೇಡಿ,” ಎಂದರು.

ಬೀದಿಯೆಲ್ಲ ಹಾಗೆಯೇ ಮಾಡಿತು. ಬೈರಯ್ಯ ಲೇತಿನ ಮೇಲೆ ದೇವರ ಮಂಟಪದ ಜರಿ ಬಟ್ಟೆ ಹೊದಿಸಿ, ಅದರ ಮುಂದೆ ಮಂಚ ಎಳೆದು ಮಲಗಿಬಿಟ್ಟರು.

ನಮ್ಮ ಮನೆಗೆ ಸರ್ವೆಯ ಹುಡುಗಿ ಬಂದದ್ದು ಮಟಮಟ ಮಧ್ಯಾಹ್ನ. ಹೆಸರು ಅನು, ಕಾಲೇಜಿನವಳು, ರಜೆಯಲ್ಲಿ ಈ ಕೆಲಸ ಹಿಡಿದವಳು. ಕೈಯಲ್ಲಿ ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆ, ಹಾಳೆಯ ಮೇಲೆ ನಮ್ಮ ಬೀದಿ ಚೌಕ ಚೌಕವಾಗಿ. ಪ್ರತಿ ಚೌಕದಲ್ಲೂ ಒಂದು ಅಕ್ಷರ ಬರೆಯಬೇಕು. ದಾನಮ್ಮ ಅರ್ಧ ಬಾಗಿಲು ತೆಗೆದು, ಕಲಿಸಿಕೊಟ್ಟ ಹಾಗೆ ಮನೆ ಎಂದರು. ಹುಡುಗಿ ಬರೆದುಕೊಂಡು ಹೊರಟಿದ್ದಳು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅವಳ ಮುಖ ಬಿಸಿಲಿಗೆ ಕೆಂಪಾಗಿ, ತುಟಿ ಒಣಗಿತ್ತು. ಊಟದ ಹೊತ್ತಿನಲ್ಲಿ ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸುವುದು ದಾನಮ್ಮನಿಂದ ಆಗಲಿಲ್ಲ. ಒಳಗೆ ಬಾ, ಒಂದು ರೊಟ್ಟಿ ತಿಂದು ಹೋಗು ಎಂದು ತಾವೇ ಕೈಹಿಡಿದು ಕರೆತಂದರು. ಆ ರಾತ್ರಿ ಫಕೀರೇಶ ಇದನ್ನು ಕೇಳಿ, ಬಚ್ಚಿಟ್ಟುಕೊಂಡ ಕಳ್ಳಿ ತಾನೇ ಪೊಲೀಸರನ್ನು ಕರೆದು ಎಲೆ ಹಾಕಿದಳು ಎಂದು ಹೊಟ್ಟೆ ಹಿಡಿದು ನಕ್ಕರು.

ಒಳಗೆ ಬಂದ ಹುಡುಗಿ ಕಂಡದ್ದು ನಾಲ್ಕು ಒಲೆ, ಮೊಳಕೈವರೆಗೆ ಹಿಟ್ಟಾದ ಐದು ಜನ, ಬೆಡ್‌ಶೀಟಿನ ಕೆಳಗೆ ಮನುಷ್ಯರು ಮಲಗಿದಷ್ಟು ಉದ್ದದ ರೊಟ್ಟಿ ಸಾಲು. ಏನಾಂಟಿ, ಇಷ್ಟೊಂದ್ ಯಾಕೆ ಎಂದು ಕೇಳಿಯೇ ಕೇಳಿದಳು. ನಾನು ಆಗಷ್ಟೇ ನೀರಿನ ಮೋಟರ್ ಹಾಕಲು ಕೆಳಗಿಳಿದು ಬಂದು, ಏಳು ತಿಂಗಳ ಹೊಟ್ಟೆ ಹೊತ್ತು ಹಿಂಬಾಗಿಲಿನಲ್ಲಿ ನಿಂತಿದ್ದೆ. ದಾನಮ್ಮ ನನ್ನನ್ನು ನೋಡಿದರು.

“ನಮ್ಮ ತಂಗಿ ಮಗಳ್ರಿ. ಇವತ್ತ ಇಕಿದು ಕುಬಸ. ಮಂದಿ ಬರೋರದಾರ,” ಎಂದರು.

ನಮ್ಮಲ್ಲಿ ಸೀಮಂತ ಅನ್ನುವುದನ್ನು ಅವರಲ್ಲಿ ಕುಬಸ ಅನ್ನುತ್ತಾರೆ. ಬಸುರಿಗೆ ಹಸಿರು ಬಳೆ ಇಟ್ಟು, ರವಿಕೆ ಖಣ ಕೊಟ್ಟು, ಉಡಿ ತುಂಬುತ್ತಾರೆ. ಅನು ನನ್ನ ಕೈ ಕುಲುಕಿ ಕಂಗ್ರಾಟ್ಸ್ ಅಕ್ಕ ಎಂದಳು. ಎರಡು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದಳು. ಹಾಳೆಯ ಮೇಲೆ ಇನ್ನೂ ಏನೋ ಬರೆದಳು. ಅವಳು ತಿರುವು ದಾಟುವ ತನಕ ಉಸಿರು ಹಿಡಿದಿದ್ದ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ನಾನೂ ನಕ್ಕೆ.

ದಾನಮ್ಮ ಮಾತ್ರ ನಗಲಿಲ್ಲ. ಬಸುರಿ ಹೆಂಗಸಿನ ಹೆಸರಿನಲ್ಲಿ, ಅದೂ ಶುಭಕಾರ್ಯದ ಸುಳ್ಳು ಹೇಳಿದೆನಲ್ಲ ಎಂದು ಒಲೆ ಆರಿಸಿ ಕೂತುಬಿಟ್ಟರು. ಸಂಜೆಯೊಳಗೆ ಹಾಲವ್ವನನ್ನು ಓಡಿಸಿ ಬಳೆ ತರಿಸಿದರು. ಟ್ರಂಕಿನ ತಳದಿಂದ ಗುಳೇದಗುಡ್ಡದ ಖಣ ಬಂತು. ಶೆಡ್ಡಿನಲ್ಲೇ ಮಣೆ ಹಾಕಿ ನನ್ನನ್ನು ಕೂರಿಸಿ, ಮೊದಲು ದಾನಮ್ಮ, ಆಮೇಲೆ ಐದು ಜನರೂ ಒಬ್ಬೊಬ್ಬರಾಗಿ ಉಡಿ ತುಂಬಿದರು. ನನ್ನ ಅತ್ತೆ ತೀರಿಕೊಂಡು ವರ್ಷವಾಗಿರಲಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಆ ಸಲ ಯಾವ ಶುಭಕಾರ್ಯವೂ ಇಲ್ಲವೆಂದು ಮೊದಲೇ ತೀರ್ಮಾನವಾಗಿತ್ತು. ನಾನೂ ಒಪ್ಪಿದ್ದೆ. ಮಡಿಲಿಗೆ ಅಕ್ಕಿ ಬಿದ್ದಾಗ ಮಾತ್ರ, ಇದು ಬೇಕಾಗಿತ್ತು ಅನ್ನುವುದು ಗೊತ್ತಾಯಿತು.

ಜುಲೈಯಲ್ಲಿ ಮಗಳು ಹುಟ್ಟಿದಳು. ರೊಟ್ಟಿಯ ಸದ್ದು ಕೇಳಿದರೆ ಮಾತ್ರ ನಿದ್ದೆ ಮಾಡುವ ಕೂಸು. ಸರ್ವೆಯ ವಿಷಯ ಬೀದಿಯೇ ಮರೆತಿತ್ತು.

ಎರಡು ವರ್ಷದ ಮೇಲೆ ಅದು ನೆನಪಾಯಿತು. ವಿಜಯನಗರದ ಖಾನಾವಳಿಗೆ ಯಾವನೋ ಇನ್‌ಸ್ಪೆಕ್ಟರ್ ಬಂದು, ನೀವು ತರಿಸುವ ರೊಟ್ಟಿ ಎಲ್ಲಿಯದು, ಅವರ ಲೈಸೆನ್ಸ್ ಎಲ್ಲಿ ಎಂದು ಕೇಳಿದ್ದ. ಖಾನಾವಳಿಯವರು ದಾನಮ್ಮನಿಗೆ ಹೇಳಿದರು, ಲೈಸೆನ್ಸ್ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಯುಗಾದಿ ದಾಟಿದ ಮೇಲೆ ನಿಮ್ಮ ಹತ್ತಿರ ತೆಗೆದುಕೊಳ್ಳಲು ಆಗುವುದಿಲ್ಲ ಅಂತ. ಲೈಸೆನ್ಸ್ ಕೊಡುವ ಗುಮಾಸ್ತರು ಅರ್ಜಿ ನೋಡಿ ವಾಪಸ್ ಕೊಟ್ಟರು. ನಿಮ್ಮ ರಸ್ತೆ ವಾಸದ ರಸ್ತೆ, ಹೊಸ ನಕ್ಷೆಯಲ್ಲೂ ಹಾಗೇ ಇದೆ, ಅದರಲ್ಲಿ ತಪ್ಪಿದ್ದರೆ ಈಗ ಆಕ್ಷೇಪಣೆ ತೆಗೆದುಕೊಳ್ಳುತ್ತಿದ್ದಾರೆ, ಹೋಗಿ ಕೊಡಿ ಎಂದರು. ಆಕ್ಷೇಪಣೆ ಕೊಡಲು ಇನ್ನು ಉಳಿದಿದ್ದದ್ದು ಇಪ್ಪತ್ತೆರಡು ದಿನ.

ನಾನು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವರ ಜೊತೆ ಹೋದೆ. ನಕ್ಷೆ ಮಾಡುವ ಆಫೀಸಿನ ಒಂದು ದೊಡ್ಡ ಹಾಲಿನಲ್ಲಿ ಹಲಗೆಗಳ ಮೇಲೆ ಇಡೀ ಬೆಂಗಳೂರನ್ನು ತುಂಡು ತುಂಡಾಗಿ ಅಂಟಿಸಿದ್ದರು. ಒಬ್ಬೊಬ್ಬರೂ ತಮ್ಮ ತುಂಡಿನ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ. ದಾನಮ್ಮನಿಗೆ ಕನ್ನಡವನ್ನೇ ಕೂಡಿಸಿ ಓದಿ ಅಭ್ಯಾಸ. ಆದರೂ ನನಗಿಂತ ಮೊದಲು ಅವರೇ ನಮ್ಮ ಜಾಗ ಹಿಡಿದರು. ಇದು ಮೈಸೂರು ರಸ್ತೆ, ಇಲ್ಲಿ ನಾಯಂಡಹಳ್ಳಿ, ಇಗೋ ಈ ಹಸಿರೆಲ್ಲ ಜ್ಞಾನಭಾರತಿ ಎಂದು ರೊಟ್ಟಿ ಹೊತ್ತು ನಡೆದ ದಾರಿಯಲ್ಲೇ ಬೆರಳು ತಂದು ನಿಲ್ಲಿಸಿದರು. ಅಲ್ಲಿ ಎಲ್ಲ ಹಳದಿ.

ಅಲ್ಲಿ ವಿವರ ಹೇಳಲು ಇದ್ದ ಅಮರೇಶ ಸಿಂಧನೂರಿನ ಕಡೆಯ ಹುಡುಗ, ನಕ್ಷೆ ಬರೆಯುವ ವಿಭಾಗದವನು. ದಾನಮ್ಮನ ಮಾತು ಕಿವಿಗೆ ಬಿದ್ದದ್ದೇ ಕುರ್ಚಿ ಬಿಟ್ಟು ಎದ್ದು ಬಂದ. ಹಳದಿ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕಾರ್ಖಾನೆಗೆ ಎಂದು ತೋರಿಸಿದ. ಅವರು ಸ್ವಲ್ಪ ಹೊತ್ತು ನೋಡಿ, ಇಡೀ ಓಣಿಗೆ ಅರಿಶಿನ ಹಚ್ಚಿಬಿಟ್ಟಾರಲ್ಲ ಎಂದರು.

ಅಮರೇಶ ನಮಗೆ ಎರಡು ನಕ್ಷೆ ತೋರಿಸಿದ. ಒಂದು, ಸರ್ವೆ ಮಾಡಿದ ದಿನ ಎಲ್ಲಿ ಏನಿತ್ತು ಎಂಬುದರದು. ಇನ್ನೊಂದು, ಮುಂದೆ ಎಲ್ಲಿ ಏನಿರಬೇಕು ಎಂಬುದರದು. ಎರಡನೆಯದನ್ನು ಮೊದಲನೆಯದರ ಮೇಲಿಟ್ಟು ಬರೆಯುತ್ತಾರೆ. ನಿಮ್ಮ ಬೀದಿಯ ಕೆಲಸಗಳು ಮೊದಲನೆಯದರಲ್ಲಿ ಬಂದಿದ್ದರೆ ಎರಡನೆಯದರಲ್ಲಿ ಅವುಗಳಿಗೆ ಜಾಗ ಇರುತ್ತಿತ್ತು, ಈ ಪಕ್ಕದ ರಸ್ತೆ ನೋಡಿ, ಎರಡು ಬಣ್ಣದ ಗೆರೆ ಗೆರೆ ಇದೆಯಲ್ಲ, ಅವರು ಇದ್ದದ್ದನ್ನು ಇದ್ದ ಹಾಗೆ ಬರೆಸಿದ್ದಾರೆ ಎಂದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅರ್ಜಿ ಬರೆಯುವ ಕೆಲಸ ನನ್ನದಾಯಿತು. ಮಗಳು ಪೆನ್ನು ಎಳೆಯುತ್ತಿದ್ದಳು, ದಾನಮ್ಮ ಹೇಳುತ್ತಿದ್ದರು, ನಾನು ಅದನ್ನು ಅರ್ಜಿಯ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಸರ್ವೆಯ ದಿನ ಕುಬಸವಿದೆ ಎಂದು ಸುಳ್ಳು ಹೇಳಿದೆವು ಎಂದು ಬರೆದು ಓದಿದೆ. ಅವರು ಕೈ ಅಡ್ಡ ಹಿಡಿದರು.

“ಅದನ್ನ ಹೊಡೆದ ಹಾಕು ತಂಗಿ. ರೊಟ್ಟಿ ಮುಚ್ಚಿಟ್ವಿ ಅಂತ ಬರಿ, ಕುಬಸ ಸುಳ್ಳಲ್ಲ. ನನ್ನ ಕೈಯಾಗ ಉಡಿ ತುಂಬೇನಿ. ಕೂಸು ಕಣ್ಣಮುಂದ ಆಡಾಕತ್ತೈತಿ.”

ಹಾಗೆ ಬರೆದರೆ ಅರ್ಥವಾಗುವುದಿಲ್ಲ, ಆಫೀಸಿನವರಿಗೆ ಒಂದೇ ಮಾತು ಬೇಕು ಎಂದು ನಾನು ವಾದಿಸಿದೆ. ಅವರು ಒಪ್ಪಲಿಲ್ಲ. ಹಾಳೆ ಹರಿದು ಹೊಸದಾಗಿ ಬರೆದೆ. 1999ರಿಂದ ಇಲ್ಲಿ ರೊಟ್ಟಿ ಮಾಡುತ್ತಿದ್ದೇವೆ, ಸರ್ವೆಯ ದಿನ ಭಯದಿಂದ ಅದನ್ನು ಹೇಳಲಿಲ್ಲ, ಅಷ್ಟೇ.

ಒಬ್ಬರದೇ ಅರ್ಜಿಗಿಂತ ಬೀದಿಯವರೆಲ್ಲ ಸೇರಿ ಕೊಟ್ಟರೆ ತೂಕ ಹೆಚ್ಚು ಎಂದು ಅಮರೇಶ ಹೇಳಿದ್ದ. ಎರಡು ಸಂಜೆ ನಾವು ಬಾಗಿಲು ಬಾಗಿಲಿಗೆ ಹೋದೆವು. ಯಾರ ಮನೆಯಲ್ಲಿ ಏನು ಕೆಲಸ, ಎಷ್ಟು ವರ್ಷದಿಂದ ಎಂದು ನಾನೇ ಒಂದು ಪಟ್ಟಿ ಮಾಡಿಕೊಂಡಿದ್ದೆ, ಸಹಿಗೆ ಎದುರು ಜಾಗ ಬಿಟ್ಟು. ಎಲ್ಲರೂ ಕೂರಿಸಿ ಟೀ ಕೊಟ್ಟರು. ಸಹಿ ಯಾರೂ ಕೊಡಲಿಲ್ಲ. ಬೈರಯ್ಯನಂತೂ ಪಟ್ಟಿಯಲ್ಲಿ ತಮ್ಮ ಹೆಸರು ಇರುವುದನ್ನು ಕಂಡೇ ಬೆವೆತರು. ಮನೆಯ ಮೀಟರಿನಲ್ಲಿ ಲೇತ್ ಓಡಿಸುತ್ತೇನೆ ಎಂದು ನಾನೇ ಬರೆದುಕೊಟ್ಟರೆ ನಾಳೆ ಬೆಳಿಗ್ಗೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ ಎಂದರು. ಹೊರಡುವಾಗ ಗೇಟಿನ ತನಕ ಬಂದು, ನನ್ನ ಹೆಸರು ಅಲ್ಲಿ ಎತ್ತಬೇಡಿ ಕಣಮ್ಮ ಎಂದು ದಾನಮ್ಮನ ಹತ್ತಿರ ಮಾತು ತೆಗೆದುಕೊಂಡರು. ದಾನಮ್ಮ ಇಲ್ರಿ ಅಂದರು.

ಮನೆಯ ಓನರ್ ಒಪ್ಪಿಗೆಯಂತೂ ಬೇಕೇಬೇಕಿತ್ತು. ವೆಂಕಟಲಕ್ಷ್ಮಮ್ಮ ಅರ್ಜಿಯನ್ನು ಪೂರ್ತಿ ಕೇಳಿಸಿಕೊಳ್ಳದೆ, ನನ್ನ ಮನೆ ನಂಬರು ಯಾವ ಆಫೀಸಿನಲ್ಲೂ ಕಾಣಕೂಡದು ಎಂದು ಕಿಡಿಯಾದರು. ನಾವು ಎದ್ದೆವು. ಚಪ್ಪಲಿ ಮೆಟ್ಟುತ್ತಿದ್ದಾಗ ಅವರೇ ಕರೆದರು. ಎಷ್ಟು ಒಲೆ ಎಂದು ಬರೆದಿದ್ದೀರಿ ಎಂದು ಕೇಳಿದರು. ನಾಲ್ಕು ಎಂದೆ. ಹೊರಗಿನ ರಸ್ತೆಯ ಕಡೆ ಕೈ ತೋರಿಸಿ ಹೇಳಿದರು.

“ಈಗ ಆಟೋ ನಿಲ್ಲಿಸ್ತಾರಲ್ಲ, ಅಲ್ಲಿ ನಮ್ಮ ಬಾವಿ ಇತ್ತು. ಸೊಪ್ಪು, ಹೂವು ಬೆಳೀತಿದ್ವಿ. ತೋಟದ ಕಂದಾಯ ಬೀಳುತ್ತೆ ಅಂತ ನಮ್ಮಪ್ಪ ಬಾವಿ ಬರೆಸ್ಲಿಲ್ಲ, ಬರೀ ಹೊಲ ಅಂದ್ಬಿಟ್ರು. ರಸ್ತೆ ಗೆರೆ ಎಳೆಯೋನು ಕಾಗದ ನೋಡ್ದ, ಬಾವಿ ಇಲ್ಲ. ನೆಟ್ಟಗೆ ಅದರ ಮೇಲೇ ಎಳೆದ. ಮಣ್ಣು ತುಂಬೋ ದಿನ ನಮ್ಮಪ್ಪ ಬಾವಿ ಇದೆ, ಬಾವಿ ಇದೆ ಅಂತ ಟೇಪ್ ಹಿಡಿದೋರ ಹಿಂದೆಲ್ಲ ಓಡಾಡಿದ್ರು.”

ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. ಕರೆಂಟಿನ ಮೀಟರ್ ಬದಲಾದರೆ ಬಿಲ್ಲು ನಿಮ್ಮದೇ ಎಂದು ದಾನಮ್ಮನಿಗೆ ಹೇಳುವುದನ್ನು ಮರೆಯಲಿಲ್ಲ.

ವಿಚಾರಣೆಗೆ ಕರೆ ಬಂದದ್ದು ಎರಡು ತಿಂಗಳು ಬಿಟ್ಟು. ಫಕೀರೇಶ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದರು. ನಮ್ಮ ಸರದಿ ಬರುವ ತನಕ ಬೆಂಚಿನ ಮೇಲೆ ಕೂತು, ಸಾಹೇಬರಿಗೂ ಎರಡು ರೊಟ್ಟಿ ತಂದಿದ್ದರೆ ಕೆಲಸ ಬೇಗ ಆಗುತ್ತಿತ್ತು, ಆದರೆ ಇವಳು ರೊಟ್ಟಿ ಹಾಕಿದ ಸರ್ವೆಯೇ ಇಲ್ಲಿಗೆ ತಂದು ಕೂರಿಸಿದೆ ಎಂದು ಕಾಲೆಳೆಯುತ್ತಿದ್ದರು. ದಾನಮ್ಮ ಕೇಳಿಸಿಕೊಳ್ಳುತ್ತಿರಲಿಲ್ಲ. ಅಂಗೈಗಳು ಮಡಿಲಲ್ಲಿ ಒಂದರ ಮೇಲೊಂದು ತಿರುಗುತ್ತಿದ್ದವು, ಹಿಟ್ಟಿನ ಉಂಡೆ ಹಿಡಿದ ಹಾಗೆ.

ಅಧಿಕಾರಿ ಕೆಟ್ಟವರಲ್ಲ. ಕಡತದಿಂದ ಸರ್ವೆ ಹಾಳೆಯನ್ನೇ ಹೊರಗೆ ತೆಗೆದರು. ಅನುವಿನ ದುಂಡಗಿನ ಅಕ್ಷರ ನನಗೆ ಉಲ್ಟಾ ಕಡೆಯಿಂದಲೂ ಗುರುತು ಸಿಕ್ಕಿತು.

“ಇಲ್ಲಿ ಮನೆ ಅಂತಿದೆ. ಕುಟುಂಬದ ಸಮಾರಂಭ, ತುಂಬಾ ಜನ, ಅಂತ ಷರಾ ಬೇರೆ ಬರ್ದಿದಾರೆ. ನೀವು ರೊಟ್ಟಿ ಮಾಡ್ತಿದ್ವಿ ಅಂತೀರ. ಯಾವುದಮ್ಮ ನಿಜ?”

“ಎರಡೂ ಖರೇ ರೀ. ಕುಬಸನೂ ಆತು, ರೊಟ್ಟಿನೂ ಇದ್ವು. ರೊಟ್ಟಿದು ಹೇಳಲಿಲ್ಲ. ಅದು ನನ್ನ ತಪ್ಪು.”

ಅವರು ತಲೆಯೆತ್ತಿ ನೋಡಿದರು. ಖಾನಾವಳಿಯವರು ಹಿಂದಿನ ವರ್ಷಗಳಲ್ಲಿ ಕೊಟ್ಟ ಚೀಟಿಗಳನ್ನು ನಾನು ಮುಂದಿಟ್ಟೆ. ಅವನ್ನೂ ನೋಡಿದರು. ಆಮೇಲೆ ಕನ್ನಡಕ ತೆಗೆದು, ಮೆತ್ತಗಿನ ದನಿಯಲ್ಲೇ ದಾರಿ ಹೇಳಿಕೊಟ್ಟರು. ಒಂದು ಮನೆಗಾಗಿ ರಸ್ತೆಯ ಬಣ್ಣ ಬದಲಿಸಲಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕಡೆ ಇಂಥ ಕೆಲಸ ನಡೆಯುತ್ತಿದ್ದರೆ, ರಸ್ತೆಯನ್ನೇ ಮಿಶ್ರ ಎಂದು ಶಿಫಾರಸು ಮಾಡಬಹುದು. ಹಾಗಾದರೆ ನಿಮಗೆ ಯಾವ ತೊಂದರೆಯೂ ಇರುವುದಿಲ್ಲ.

“ಬೇರೆ ಯಾರ್ಯಾರ ಮನೇಲಿ ಏನೇನಿದೆ ಹೇಳಿ. ಬರ್ಕೋತೀನಿ. ನಮ್ಮೋರು ಬಂದು ನೋಡ್ಕೊಂಡ್ ಹೋಗ್ತಾರೆ, ಅಷ್ಟೇ.”

ನನ್ನ ಪರ್ಸಿನಲ್ಲಿ ಆ ಪಟ್ಟಿ ಇತ್ತು. ಹನ್ನೊಂದು ಮನೆ. ಹನ್ನೊಂದು ಅಂದರೆ ಅರ್ಧಕ್ಕಿಂತ ಹೆಚ್ಚು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ದಾನಮ್ಮನ ಮೊಣಕೈ ತಟ್ಟಿದೆ. ಅಂಗೈ ತಿರುಗುವುದು ನಿಂತಿತ್ತು.

“ನನ್ನ ಒಲಿ ನಾ ಹೇಳೇನ್ರಿ ಸಾಹೇಬ್ರ,” ಎಂದರು. “ಮಂದಿ ಮನಿ ಕದ ನಾ ತೆಗಿಯೂದಿಲ್ಲ.”

ಅಧಿಕಾರಿ ಇನ್ನೊಮ್ಮೆ ಕೇಳಿದರು. ಅವರು ತಲೆ ಅಲ್ಲಾಡಿಸಿದರು. ಪರ್ಸಿನ ಜಿಪ್ಪಿನ ಮೇಲಿದ್ದ ನನ್ನ ಕೈ ಅಲ್ಲೇ ಉಳಿಯಿತು. ಬಸ್ಸಿನಲ್ಲಿ ಫಕೀರೇಶ ಮೊದಲ ಸಲ ತಮಾಷೆ ಬಿಟ್ಟು ಸಿಟ್ಟಾದರು. ಸುಳ್ಳು ಹೇಳುವಾಗ ಇಡೀ ಓಣಿ ಜೊತೆಗಿತ್ತು, ಖರೇ ಹೇಳುವಾಗ ನೀನೊಬ್ಬಳೇ ಯಾಕೆ ಎಂದು ಕೇಳಿದರು. ದಾನಮ್ಮ ಕಿಟಕಿಯ ಹೊರಗೆ ನೋಡುತ್ತ, ಬೈರಯ್ಯಗ ಮಾತು ಕೊಟ್ಟಿನಿ ಎಂದಷ್ಟೇ ಅಂದರು.

ನಕ್ಷೆ ಗಟ್ಟಿಯಾಗಿ ಹೊರಬೀಳಲು ಮತ್ತೆರಡು ವರ್ಷ ಬೇಕಾಯಿತು. ಅಷ್ಟು ದಿನವೂ ದಾನಮ್ಮ ಆಕ್ಷೇಪಣೆ ಕೊಟ್ಟ ರಸೀದಿಯ ಜೆರಾಕ್ಸನ್ನು, ಇನ್‌ಸ್ಪೆಕ್ಟರ್ ಬಂದರೆ ಕಾಣಲಿ ಎಂದು, ಖಾನಾವಳಿಯ ಗೋಡೆಗೆ ಅಂಟಿಸಿ ರೊಟ್ಟಿ ಕಳಿಸಿದರು. 2007ರಲ್ಲಿ ನಾವು ಮತ್ತೆ ಅದೇ ಹಾಲಿಗೆ ಹೋದಾಗ ನಮ್ಮ ಬೀದಿ ಹಳದಿಯಾಗಿಯೇ ಇತ್ತು. ನನ್ನ ಒಲೆ ಎಲ್ಲಿ ಎಂದು ದಾನಮ್ಮ ಕೇಳಿದರು. ಅಷ್ಟು ಸಣ್ಣದು ನಕ್ಷೆಯಲ್ಲಿ ಕಾಣುವುದಿಲ್ಲ ಅಕ್ಕಾ, ಜೊತೆಗಿನ ಆದೇಶದಲ್ಲಿ ಇದೆ ಎಂದು ಅಮರೇಶ ಪುಟ ತಿರುವಿ ಓದಿದ. ನಮ್ಮ ಮನೆಯ ನಂಬರು. ರೊಟ್ಟಿ ತಯಾರಿಕೆ, ಮೊದಲಿನಿಂದ ಇದ್ದದ್ದು ಎಂದು ಅರ್ಜಿದಾರರು ಒಪ್ಪಿಕೊಂಡಿದ್ದಾರೆ, ಅವರು ಇರುವಷ್ಟು ಕಾಲ, ಇರುವಷ್ಟೇ ಒಲೆಯಲ್ಲಿ ಮುಂದುವರಿಸಬಹುದು. ದಾನಮ್ಮ ಅದನ್ನು ಎರಡು ಸಲ ಓದಿಸಿದರು. ಆ ಒಂದು ಸಾಲಿನ ಮೇಲೆ ಲೈಸೆನ್ಸ್ ಬಂತು. ಐದನೆಯ ಒಲೆ ಇಡುವಂತಿಲ್ಲ, ಅವರ ಕೈ ಸೋತ ಮೇಲೆ ಲಕ್ಷ್ಮವ್ವ ನಡೆಸುವಂತಿಲ್ಲ.

ಮರುವರ್ಷ ಬೈರಯ್ಯನ ಪಕ್ಕದ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದಿತು. ಆ ಮನೆಯವರಿಗೆ ಲೇತಿನ ಸದ್ದು ಆಗಿಬರಲಿಲ್ಲ, ದೂರು ಕೊಟ್ಟರು. ಬೈರಯ್ಯ ಹದಿನಾಲ್ಕು ವರ್ಷದಿಂದ ಇಲ್ಲೇ ಮಾಡುತ್ತಿದ್ದೇನೆ ಎಂದರೆ, ಎಲ್ಲಿದೆ ಅದಕ್ಕೆ ಆಧಾರ ಎಂದು ಕೇಳಿದರಂತೆ. ಸರ್ವೆ ಹಾಳೆಯಲ್ಲಿ ಅವರದು ಮನೆ. ಮಂಚದ ಮೇಲೆ ಒಬ್ಬರು ಮಲಗಿದ್ದರು ಎಂದೂ ಬರೆದಿತ್ತೋ ಏನೋ. ಎರಡು ನೋಟಿಸು ಬಂದ ಮೇಲೆ ಅವರು ನಾಯಂಡಹಳ್ಳಿಯಲ್ಲಿ ಒಂದು ಶೆಡ್ಡು ಹುಡುಕಿಕೊಂಡು, ಭಾನುವಾರ ಮೆಷಿನ್ ಸಾಗಿಸುತ್ತೇನೆ ಎಂದು ಹೇಳಲು ಬಂದರು. ದಾನಮ್ಮ ಕೂರಿಸಿ ರೊಟ್ಟಿ ಕೊಟ್ಟು, ಆ ಶೆಡ್ಡಿನ ಬಣ್ಣ ಯಾವುದು ನೋಡಿದ್ದೀರೇನು ಎಂದು ಕೇಳಿದರು. ಬೈರಯ್ಯ ಶೀಟಿಗೆ ಹೊಸ ಪೇಂಟು ಹೊಡೆದಿದ್ದಾರೆ ಎಂದರು.

ಶನಿವಾರ ದಾನಮ್ಮ ಒಲೆಯನ್ನು ಲಕ್ಷ್ಮವ್ವನಿಗೆ ಒಪ್ಪಿಸಿ, ಬೈರಯ್ಯನನ್ನು ನಕ್ಷೆಯ ಹಾಲಿಗೆ ಕರೆದುಕೊಂಡು ಹೋದರು. ನಾನೂ ಹೋದೆ. ಬೈರಯ್ಯ ನಕ್ಷೆ ನೋಡಿದ್ದು ಅದೇ ಮೊದಲು. ನಾಯಂಡಹಳ್ಳಿಯ ಶೆಡ್ಡು ನೇರಳೆ ಬಣ್ಣದೊಳಗೆ ಸರಿಯಾಗಿ ಕೂತಿತ್ತು. ಅಮರೇಶ ಅದನ್ನು ಕಾಗದದ ಮೇಲೆ ಬರೆದುಕೊಟ್ಟ. ಕೆಲಸ ಮುಗಿದಿತ್ತು, ಆದರೂ ಬೈರಯ್ಯ ಹಲಗೆ ಬಿಟ್ಟು ಬರಲಿಲ್ಲ. ನಮ್ಮ ಬೀದಿಯ ತುಂಡಿಗೆ ಹೋಗಿ, ತಮ್ಮ ಮನೆಯ ಚೌಕ ಯಾವುದೆಂದು ನನ್ನನ್ನು ಕೇಳಿ, ಅದರ ಮೇಲೆ ಬೆರಳಿಟ್ಟು ನಿಂತರು. ಆ ಬೆರಳಿನ ಗೆರೆಗಳಲ್ಲಿ ಲೇತಿನ ಎಣ್ಣೆಯ ಕಪ್ಪು.

“ಅವತ್ತು ನನ್ನ ಹೆಸರು ಹೇಳ್ಬಿಡಬೇಕಿತ್ತು ನೀವು,” ಎಂದರು.

“ನೀವ ಬ್ಯಾಡ ಅಂದಿದ್ರಿ.”

“ಅಂದಿದ್ದೆ. ಹೆದರ್ಕೊಂಡೋನು ಇನ್ನೇನಮ್ಮ ಅಂತಾನೆ?”

ದನಿಯಲ್ಲಿ ಸಿಟ್ಟಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಬೈರಯ್ಯ ಹಿಂದೆ ಗಂಡಸರ ಕಡೆ ಎಲ್ಲೋ ಕೂತಿದ್ದರು. ದಾನಮ್ಮ ನನ್ನ ಕಡೆ ತಿರುಗಿ, ಹೇಳಬೇಕಾಗಿತ್ತೇನು ತಂಗಿ ಎಂದು ಕೇಳಿದರು. ನಾನು ಡೈರಿಯಲ್ಲಿ ಎಷ್ಟೋ ಪುಟ ಈ ಪ್ರಶ್ನೆಗೇ ಬರೆದಿದ್ದೇನೆ. ಮಾತು ಕೊಟ್ಟದ್ದು ಅವರು, ನಾನಲ್ಲ. ಪಟ್ಟಿ ಇದ್ದದ್ದು ನನ್ನ ಪರ್ಸಿನಲ್ಲಿ. ಜಿಪ್ಪು ಎಳೆದು ಮೇಜಿನ ಮೇಲಿಟ್ಟಿದ್ದರೆ ದಾನಮ್ಮನ ಮಾತೂ ಉಳಿಯುತ್ತಿತ್ತು, ಬೀದಿಯೂ ಉಳಿಯುತ್ತಿತ್ತೇನೋ. ಉಳಿಯದೆ ಹನ್ನೊಂದು ಮನೆಗೂ ನೋಟಿಸು ಬರುತ್ತಿತ್ತೇನೋ. ಬಸ್ಸಿನಲ್ಲಿ ಅವರಿಗೆ ನಾನು ಹೇಳಿದ್ದು, ಗೊತ್ತಿಲ್ಲ ದಾನಮ್ಮಕ್ಕ ಎಂದು ಮಾತ್ರ.

ಭಾನುವಾರ ಟೆಂಪೋ ಬಂತು. ಲೇತನ್ನು ಇಳಿಜಾರು ಹಲಗೆಯ ಮೇಲೆ ಜಾರಿಸಲು ಆರು ಜನ ಬೇಕಾಯಿತು, ಬೀದಿಯ ಗಂಡಸರೆಲ್ಲ ಕೈ ಹಾಕಿದರು. ಹದಿನಾಲ್ಕು ವರ್ಷದಲ್ಲಿ ಅದು ಬಾಗಿಲ ಹೊರಗೆ ಎಲ್ಲರ ಕಣ್ಣಿಗೆ ಬಿದ್ದದ್ದು ಅದೊಂದೇ ದಿನ. ದೀಪಾವಳಿಯೊಳಗೆ ಬಾಗಿಲು ಕಿಟಕಿಯವರೂ ಹೋದರು. ಹೊಲಿಗೆ ಮೆಷಿನ್ನಿನ ಮನೆಗೆ ಯಾರೋ ಬ್ಯಾಂಕಿನವರು ಸಂಸಾರ ತಂದರು. ಬೈರಯ್ಯನ ಮುಂದಿನ ಕೋಣೆಗೆ ಟೈಲ್ಸ್ ಹಾಕಿ ಬಾಡಿಗೆಗೆ ಬಿಟ್ಟಿದ್ದಾರೆ. ಈಗ ಯಾರು ಬಂದು ಬರೆದುಕೊಂಡರೂ ನಮ್ಮ ಬೀದಿ ನಕ್ಷೆ ಹೇಳಿದ ಹಾಗೆಯೇ ಇದೆ, ಕೆಳಗಿನ ಶೆಡ್ಡೊಂದನ್ನು ಬಿಟ್ಟು.